ಆರನೇ ಕ್ಲಾಸಿಗೇ ತಡವಾದವಳ ಪರವಾಗಿ

ಫೌಂಡೇಶನ್ ಕೋರ್ಸ್‌ನ ಅಕಾಡೆಮಿಕ್ ಕೌನ್ಸೆಲರ್ ಅವರ ಸನ್ನಿಧಿಗೆ,



ಮೊನ್ನೆ ಸಂಜೆ ನೀವು ಫೋನ್ ಮಾಡಿ ನನ್ನ ಮೊಮ್ಮಗಳು ತಡವಾಗಿದ್ದಾಳೆಂದು ಎಚ್ಚರಿಸಿದ್ದಕ್ಕೆ ನಮ್ಮ ಮನೆಯವರೆಲ್ಲರ ಪರವಾಗಿ ವಂದನೆಗಳು. ಮೊದಲು ಗಾಬರಿಯಾಗಿ ಗಡಿಯಾರ ನೋಡಿದೆ. ಶಾಲೆಯ ವ್ಯಾನ್ ಬಂದು ಹೋಗಿ ಎಷ್ಟೋ ಹೊತ್ತಾಗಿತ್ತು, ಹುಡುಗಿ ಅಂಗಳದಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದಳು. ಅವಳು ತಡವಾಗಿರುವುದು ಮನೆಗಲ್ಲ, ಐಐಟಿಗೆ ಎಂದು ನೀವು ಬಿಡಿಸಿ ಹೇಳಿದ ಮೇಲೆ ವಿಷಯ ತಲೆಗೆ ಹೋಯಿತು. "ಸಿಕ್ಸ್ತ್ ಅಂದ್ರೆ ಆಲ್‌ರೆಡಿ ಲೇಟು ಮೇಡಂ. ಸೀರಿಯಸ್ ಪೇರೆಂಟ್ಸ್ ಎಲ್ಲಾ ಫಿಫ್ತ್‌ನಲ್ಲೇ ಸೇರ್ಸಿಬಿಟ್ಟಿದಾರೆ" ಎಂದಿರಿ. 11 ವರ್ಷದ ಹುಡುಗಿ ಜೀವನದಲ್ಲಿ ಇಷ್ಟು ಹಿಂದೆ ಬಿದ್ದಿರುವಾಗ ನಾವು ಅವಳಿಗೆ ಒಗ್ಗರಣೆ ಅವಲಕ್ಕಿ ಕೊಟ್ಟುಕೊಂಡು ನೆಮ್ಮದಿಯಾಗಿದ್ದೆವಲ್ಲ ಎಂದು ನಾಚಿಕೆಯಾಯಿತು.

ಆಮೇಲೆ ನೀವು ಯೋಜನೆಯನ್ನು ವಿವರಿಸಿದಿರಿ. ಎಂಟನೇ ಕ್ಲಾಸು ಮುಗಿಯುವಷ್ಟರಲ್ಲಿ ಹತ್ತರ ಪೋರ್ಷನ್ ಪೂರ್ತಿ. ಒಂಬತ್ತರಲ್ಲಿ ಕ್ಯಾಲ್ಕುಲಸ್ ಆರಂಭ. ಎಸ್‌ಎಸ್‌ಎಲ್‌ಸಿ ಬರೆಯುವ ಹೊತ್ತಿಗೆ ಫಸ್ಟ್ ಪಿಯು ಮುಗಿದ ಕಥೆ. ಆಮೇಲೆ ಎರಡು ವರ್ಷ "ಬರೀ ರಿವಿಷನ್, ಬರೀ ಟೆಸ್ಟು." ಕೊನೆಗೆ ಬಹಳ ಮರ್ಯಾದೆಯಿಂದ, "ಮೇಡಂ, ನಿಮಗೆ ಜೆಇಇ ಅಂದ್ರೇನು ಅಂತ ಐಡಿಯಾ ಇದ್ಯಾ?" ಎಂದು ಕೇಳಿದಿರಿ. ಸ್ವಲ್ಪ ಇದೆ ಎಂದೆ. ಪಿಯು ಹುಡುಗರಿಗೆ ಗಣಿತ ಹೇಳಿಕೊಟ್ಟೇ ನನಗೆ ನಿವೃತ್ತಿಯಾಗಿದ್ದು. ಆದರೆ ಮಾತಿನ ಭರದಲ್ಲಿದ್ದವರನ್ನು ನಡುವೆ ತಡೆಯುವುದು ಸರಿಯಲ್ಲ ಎಂದು ಸುಮ್ಮನಾದೆ. ಆ ದಿನ ಹೇಳಲಾಗದ್ದನ್ನು ಈಗ ನಾಲ್ಕು ಜನರ ಎದುರಿಗೇ ಹೇಳುತ್ತಿದ್ದೇನೆ. ನಿಮ್ಮ ಕರೆ ನಮ್ಮ ಮನೆಗೆ ಮಾತ್ರ ಬಂದಿರಲಾರದು.

ಮೊದಲಿಗೆ ಒಂದು ಸಣ್ಣ ಕಾನೂನಿನ ಮಾತು, ಬೇಗ ಮುಗಿಸುತ್ತೇನೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆಂದು ಒಂದು ಮಾರ್ಗಸೂಚಿ ಹೊರಡಿಸಿತು. 16 ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದು, ಸೇರಿಸಿಕೊಳ್ಳುವುದಿದ್ದರೆ ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಎಂದು ಅದರಲ್ಲಿದೆ. ರ‍್ಯಾಂಕು ಗ್ಯಾರಂಟಿ ಎಂದು ಹೇಳಬಾರದು ಎಂದೂ ಇದೆ. ನೀವು ಇದನ್ನು ಓದಿಲ್ಲವೆಂದು ನಾನು ಹೇಳಲಾರೆ. ಓದಿದ್ದರಿಂದಲೇ ನಿಮ್ಮ ಬ್ರೋಷರಿನಲ್ಲಿ ಕೋಚಿಂಗ್ ಎಂಬ ಪದ ಎಲ್ಲೂ ಬರುವುದಿಲ್ಲ. ಅಲ್ಲಿರುವುದು "ಎನ್‌ರಿಚ್‌ಮೆಂಟ್". ಹುಡುಗಿಗೆ 16 ತುಂಬಲು ಇನ್ನೂ ಐದು ವರ್ಷ ಇದೆ. ಆ ಐದು ವರ್ಷವನ್ನು ಸರ್ಕಾರ ಸುಮ್ಮನೆ ಪೋಲು ಮಾಡುತ್ತಿದೆ ಎಂಬ ನಿಮ್ಮ ಸಂಕಟ ಅರ್ಥವಾಗುತ್ತದೆ.

ಇನ್ನು ಪರೀಕ್ಷೆಯ ವಿಷಯ. ನಿಮ್ಮ ಇಡೀ ಯೋಜನೆ ನಿಂತಿರುವುದು ಒಂದು ನಂಬಿಕೆಯ ಮೇಲೆ: ಎಂಟ್ರೆನ್ಸ್‌ನಲ್ಲಿ ಗೆಲ್ಲುವವರು ಗಣಿತದಲ್ಲಿ ಎಲ್ಲರಿಗಿಂತ ಮುಂದೆ ಹೋದವರು. ಹೋಗಲಿ, ಪರೀಕ್ಷೆ ಏನನ್ನು ಕೇಳುತ್ತದೆ ನೋಡೋಣ. ಐಐಟಿ ದಾರಿಯ ಮೊದಲ ಮೆಟ್ಟಿಲು ಜೆಇಇ ಮೇನ್‌ನಲ್ಲಿ ಗಣಿತಕ್ಕೆ 25 ಪ್ರಶ್ನೆ. ಮೂರೂ ವಿಷಯ ಸೇರಿ 75, ಮೂರು ಗಂಟೆ, 300 ಅಂಕ. ಸಮ ಹಂಚಿದರೆ ಒಂದು ಪ್ರಶ್ನೆಗೆ 2 ನಿಮಿಷ 24 ಸೆಕೆಂಡು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು, ನೆಗೆಟಿವ್ ಅಂಕ ಇಲ್ಲ. ಎರಡಕ್ಕೂ ಪಠ್ಯ ಪಿಯು ಎರಡು ವರ್ಷದ್ದು. ಹೊಸದಾಗಿ ಕಲಿಯಬೇಕಾದ ಸಂಗತಿಗಳೆಲ್ಲ ಆ ಎರಡು ವರ್ಷದಲ್ಲೇ ಬರುತ್ತವೆ. ಆದರೆ ಆ ಎರಡು ನಿಮಿಷದಲ್ಲಿ ಹುಡುಗರ ಕೈ ಮಾಡುವ ಕೆಲಸದಲ್ಲಿ ಎಷ್ಟು ಭಾಗ ಹೊಸದು, ಎಷ್ಟು ಹಳೆಯದು ಎಂದು ನೀವು ಯಾವತ್ತಾದರೂ ಎಣಿಸಿದ್ದೀರಾ?

ಒಂದು ಲೆಕ್ಕ ಮಾಡಿಬಿಡೋಣ, ಪೆನ್ನು ತಗೊಳ್ಳಿ. ಸೆಕೆಂಡ್ ಪಿಯುನಲ್ಲಿ ಎಲ್ಲರೂ ಮಾಡುವಂಥದ್ದೇ. 1 ಅನ್ನು "ಎಕ್ಸ್ ವರ್ಗ + 4ಎಕ್ಸ್ + 13" ಇಂದ ಭಾಗಿಸಿ, ಅನುಕಲಿಸಿ. ನೋಡಿದ ತಕ್ಷಣ ಇದು ಕ್ಯಾಲ್ಕುಲಸ್ ಎಂದು ಎದೆ ಧಸಕ್ಕೆನ್ನುತ್ತದೆ. ಈಗ ನಿಧಾನಕ್ಕೆ ನೋಡಿ. ಛೇದದಲ್ಲಿರುವುದನ್ನು ಒಂದು ವರ್ಗವಾಗಿ ಕಟ್ಟಬೇಕು. ಎಕ್ಸ್‌ನ ಸಹಗುಣಕ 4. ಅದರ ಅರ್ಧ 2. ಅದರ ವರ್ಗ 4. ಆದ್ದರಿಂದ 13 ಅನ್ನು 4 ಮತ್ತು 9 ಎಂದು ಒಡೆಯುತ್ತೀರಿ. ಈಗ ಛೇದ "ಎಕ್ಸ್ + 2" ಇದರ ವರ್ಗ, ಕೂಡಿಸು 3ರ ವರ್ಗ. ಇಲ್ಲಿಯವರೆಗೆ ಬಂದದ್ದೆಲ್ಲ ಎಂಟನೇ ಕ್ಲಾಸಿನ ನಿತ್ಯಸಮೀಕರಣ, ಎ ಪ್ಲಸ್ ಬಿ ಹೋಲ್ ಸ್ಕ್ವೇರ್. ಇನ್ನು ಒಂದೇ ಒಂದು ಸಾಲು ಪಿಯು ಸೂತ್ರ: ಉತ್ತರ, ಮೂರನೇ ಒಂದು ಗುಣಿಸು ಟ್ಯಾನ್ ಇನ್ವರ್ಸ್ ಆಫ್ "ಎಕ್ಸ್ + 2" ಭಾಗಿಸು 3. ಮುಗಿಯಿತು. ನಾಲ್ಕು ಹೆಜ್ಜೆಯಲ್ಲಿ ಮೂರು ಹಳೆಯವು.

ಈಗ ಪ್ರಶ್ನೆ ತೆಗೆಯುವವರ ಕಡೆಯಿಂದ ನೋಡಿ. ಅವರು ನಾಲ್ಕು ಆಯ್ಕೆ ಕೊಡಬೇಕು. ಒಂದು ಸರಿ. ಒಂದರಲ್ಲಿ ಮುಂದಿನ ಮೂರನೇ ಒಂದು ಇರುವುದಿಲ್ಲ. ಇನ್ನೊಂದರಲ್ಲಿ ಕೂಡಿಸುವ ಕಡೆ ಕಳೆಯುವ ಚಿಹ್ನೆ. ಮತ್ತೊಂದರಲ್ಲಿ 3ರ ಜಾಗದಲ್ಲಿ 9. ಟ್ಯಾನ್ ಇನ್ವರ್ಸ್ ಗೊತ್ತಿಲ್ಲದವನಿಗೆಂದು ಇಟ್ಟ ಬಲೆ ಇದಲ್ಲ. ಅರ್ಧ ಮಾಡಿ ವರ್ಗ ಮಾಡುವಾಗ ಕೈ ತಡವರಿಸುವವನಿಗಾಗಿ ಇಟ್ಟದ್ದು. ನಿಮ್ಮಲ್ಲಿ ಇದಕ್ಕೆ "ಸಿಲ್ಲಿ ಮಿಸ್ಟೇಕ್" ಎನ್ನುತ್ತಾರೆ. ಮಗ ಬುದ್ಧಿವಂತ, ಏನೋ ಸಿಲ್ಲಿ ಮಿಸ್ಟೇಕ್ ಮಾಡಿಬಿಟ್ಟ ಎಂದು ಪೋಷಕರಿಗೆ ಸಮಾಧಾನ ಹೇಳುತ್ತಾರೆ. ಜೆಇಇಯಲ್ಲಿ ಆ ಸಿಲ್ಲಿಯ ಬೆಲೆ ಐದು ಅಂಕ: ಬರಬೇಕಿದ್ದ ನಾಲ್ಕು ಬರಲಿಲ್ಲ, ಇದ್ದುದರಲ್ಲಿ ಒಂದು ಹೋಯಿತು.

ನನ್ನ ಕ್ಲಾಸಿಗೆ ಒಬ್ಬ ಹುಡುಗ ಬಂದಿದ್ದ. ಒಂಬತ್ತರಲ್ಲೇ ಡಿಫರೆನ್ಷಿಯೇಷನ್ ಮುಗಿಸಿಕೊಂಡು ಬಂದವನು. ಚುರುಕು, ಮಾತಿನಲ್ಲಿ ಧೈರ್ಯ. ನಾನು ಏನು ಶುರು ಮಾಡಿದರೂ "ಇದು ಗೊತ್ತು ಮಿಸ್" ಎನ್ನುತ್ತಿದ್ದ. ಒಂದು ದಿನ ಎಕ್ಸ್‌ನ ವರ್ಗಮೂಲವನ್ನು ಅವಕಲಿಸು ಎಂದು ಬೋರ್ಡಿಗೆ ಕರೆದೆ. ಘಾತವನ್ನು ಮುಂದೆ ತಂದ, ಘಾತದಿಂದ ಒಂದು ಕಳೆಯಬೇಕು ಎಂದೂ ಹೇಳಿದ. ಅರ್ಧದಿಂದ ಒಂದು ಕಳೆದರೆ ಎಷ್ಟು? ಚಾಕ್‌ಪೀಸ್ ಹಿಡಿದುಕೊಂಡು ನಿಂತ. ಆಮೇಲೆ "ಅರ್ಧ" ಎಂದ. ಮೈನಸ್ ಎಲ್ಲಿ ಹೋಯಿತಪ್ಪ ಎಂದೆ. ಸೂತ್ರ ಇನ್ನೊಮ್ಮೆ ಒಪ್ಪಿಸಿದ. ಸೂತ್ರದಲ್ಲಿ ತಪ್ಪೇನೂ ಇರಲಿಲ್ಲ. ಅವನ ತಲೆಯಲ್ಲೂ ಇರಲಿಲ್ಲ; ಆರು, ಏಳನೇ ಕ್ಲಾಸಿನಲ್ಲಿ ಭಿನ್ನರಾಶಿ, ಪೂರ್ಣಾಂಕಗಳ ಜೊತೆ ಒದ್ದಾಡಬೇಕಾಗಿದ್ದ ತಿಂಗಳುಗಳಲ್ಲಿ ಯಾರೋ ಅವನನ್ನು ಅವಸರದಿಂದ ಮುಂದೆ ಕರೆದುಕೊಂಡು ಹೋಗಿದ್ದರು. ಆ ಪಾಠಗಳನ್ನು ಅವನು ಕೇಳಿದ್ದ, ಮಾಡಿರಲಿಲ್ಲ. ಇನ್ನೂ ಕಷ್ಟದ ಸಂಗತಿ ಎಂದರೆ, ಕೇಳಿದ್ದೇನೆ ಎಂಬ ಕಾರಣಕ್ಕೆ ಮತ್ತೆ ಮಾಡಲು ಅವನಿಗೆ ಬೇಸರ. ಹೊಸದಾಗಿ ಕಲಿಯುವವನನ್ನು ಕೂರಿಸಬಹುದು. ಎಲ್ಲ ಗೊತ್ತಿರುವವನನ್ನು ಕೂರಿಸಲು ನನಗೆ ಯಾವತ್ತೂ ಆಗಿಲ್ಲ.

ಇಷ್ಟಾದರೂ ನಿಮ್ಮ ಬ್ರೋಷರನ್ನು ನಾನು ಭಕ್ತಿಯಿಂದಲೇ ಓದಿದೆ. ಆರನೇ ಕ್ಲಾಸಿನ ಪುಟದಲ್ಲಿ "ಫ್ರಾಕ್ಷನ್ಸ್ ಅಂಡ್ ಡೆಸಿಮಲ್ಸ್: ಫಾಸ್ಟ್ ಟ್ರ್ಯಾಕ್" ಎಂಬ ಸಾಲು ಕಂಡಿತು. ಈಗ ನಮ್ಮ ಮನೆಯ ಪರಿಸ್ಥಿತಿ ಹೇಳುತ್ತೇನೆ. ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಬರುತ್ತದೆ ಎಂಬುದು ನಮ್ಮ ಹುಡುಗಿಗೆ ಮೋಸ ಅನ್ನಿಸಿದೆ. ಭಾಗ ಮಾಡಿದರೆ ಕಡಿಮೆ ಆಗಬೇಕು, ಇದು ಜಾಸ್ತಿ ಹೇಗಾಯಿತು ಎಂದು ಅವಳ ವಾದ. ತಿರುಗಿಸಿ ಗುಣಿಸು ಎಂದು ಅವಳ ಟೀಚರ್ ಹೇಳಿದ್ದಾರೆ, ಉತ್ತರವೂ ಸರಿ ಬರುತ್ತದೆ, ಅಂಕವೂ ಬಂದಿದೆ. ಅವಳಿಗೆ ಸಾಲದು. ರಿಬ್ಬನ್ ಕತ್ತರಿಸಿ ನೋಡಿದಳು, ಅರ್ಧ ಮೀಟರಿನಲ್ಲಿ ಕಾಲು ಮೀಟರಿನ ತುಂಡು ಎಷ್ಟು ಎಂದು ನಾನು ಕೇಳಿದ ಮೇಲೆ ಎರಡು ಎಂದಳು, ಒಪ್ಪಿಕೊಂಡಳು. ಮಾರನೇ ದಿನ ಮತ್ತೆ ಬಂದು, ಹಾಗಾದರೆ ಕಾಲನ್ನು ಅರ್ಧದಿಂದ ಭಾಗಿಸಿದರೆ ಅರ್ಧ ತುಂಡು ಹೇಗೆ ಬಂತು, ತುಂಡೇ ಇಲ್ಲವಲ್ಲ ಎಂದು ಜಗಳ ತೆಗೆದಳು. ಇದನ್ನು ಇನ್ನೂ ಬಗೆಹರಿಸಿಲ್ಲ. ನಿಮ್ಮ ಫಾಸ್ಟ್ ಟ್ರ್ಯಾಕಿನಲ್ಲಿ ಈ ಜಗಳಕ್ಕೆ ಎಷ್ಟು ನಿಮಿಷ ಇಟ್ಟಿದ್ದೀರಿ? ಅವಳು ಅಷ್ಟರಲ್ಲಿ ಸೋಲುವವಳಲ್ಲ ಎಂದು ಮುಂಚೆಯೇ ತಿಳಿಸಿಬಿಡುತ್ತೇನೆ, ಬ್ಯಾಚಿನ ಉಳಿದ ಮಕ್ಕಳಿಗೆ ತೊಂದರೆಯಾಗಬಾರದು.

ನೀವು ಮಾತಿನ ನಡುವೆ ಒಲಿಂಪಿಯಾಡ್ ಹೆಸರೂ ತೆಗೆದಿರಿ. ಅದನ್ನು ತೆಗೆಯಬಾರದಿತ್ತು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಎಂದರೆ ಶಾಲಾ ಮಕ್ಕಳ ಗಣಿತದಲ್ಲಿ ಅದಕ್ಕಿಂತ ಕಠಿಣವಾದದ್ದು ಸಿಗುವುದು ಕಷ್ಟ. ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಒಟ್ಟು ಆರೇ ಆರು ಲೆಕ್ಕ. 2024ರಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ ನಮ್ಮ ಮಕ್ಕಳು ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂದರು. ಆ ಪರೀಕ್ಷೆಗೆ ಕ್ಯಾಲ್ಕುಲಸ್ ಬೇಡ. ಬೀಜಗಣಿತ, ರೇಖಾಗಣಿತ, ಸಂಖ್ಯಾಸಿದ್ಧಾಂತ, ಕ್ರಮಯೋಜನೆ-ವಿಕಲ್ಪಗಳಂಥ ಎಣಿಕೆಯ ಲೆಕ್ಕಗಳು. ಹೈಸ್ಕೂಲಿನ ಹುಡುಗ ಓದಿ ಅರ್ಥ ಮಾಡಿಕೊಳ್ಳಬಹುದಾದ ಪ್ರಶ್ನೆ, ಆದರೆ ಒಂದೂವರೆ ಗಂಟೆ ತಲೆ ಚಚ್ಚಿಕೊಂಡರೂ ಬಿಡಿಸಲಾಗದ್ದು. ಅಂದರೆ ಲೆಕ್ಕದಲ್ಲಿ ಅತಿ ಬುದ್ಧಿವಂತ ಮಕ್ಕಳನ್ನು ಹುಡುಕುವವರು ಮುಂದಿನ ಕ್ಲಾಸಿನ ಪಾಠ ಕೇಳುವುದಿಲ್ಲ. ಇದೇ ಕ್ಲಾಸಿನ ಪಾಠವನ್ನು ಇನ್ನಷ್ಟು ಆಳಕ್ಕೆ ಇಳಿದು ಕೇಳುತ್ತಾರೆ. ನಿಮ್ಮ ಬ್ರೋಷರಿನಲ್ಲಿ ಒಲಿಂಪಿಯಾಡ್ ಮತ್ತು "ಅಡ್ವಾನ್ಸ್ ಕ್ಯಾಲ್ಕುಲಸ್" ಒಂದೇ ಸಾಲಿನಲ್ಲಿ ಪಕ್ಕಪಕ್ಕ ನಿಂತಿವೆ, ಮದುವೆ ಮನೆಯ ಫೋಟೋದಲ್ಲಿ ಪರಿಚಯವೇ ಇಲ್ಲದ ಇಬ್ಬರು ನಿಂತ ಹಾಗೆ.

ಇಲ್ಲೇ ಇನ್ನೊಂದು ಮಾತು, ಸ್ವಲ್ಪ ಆಚೀಚೆ ಹೋಗುತ್ತೇನೆ, ಕ್ಷಮಿಸಿ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಎಂಬುವರು 'ಗಣಿತಸಾರಸಂಗ್ರಹ' ಬರೆದರು. ಆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂದು ಪಿಯು ಹುಡುಗರು ಎನ್ ಸಿ ಆರ್ ಎಂದು ಉರು ಹೊಡೆಯುತ್ತಾರಲ್ಲ, ಅದರ ಸಾಮಾನ್ಯ ಸೂತ್ರ ಅಲ್ಲಿದೆ. ಆದರೆ ಆ ಗ್ರಂಥದ ಬಹುಪಾಲು ಭಿನ್ನರಾಶಿ, ತ್ರೈರಾಶಿ, ಬಡ್ಡಿ, ಹೊಲದ ಅಳತೆ. ಒಂದನ್ನು ಬೇರೆ ಬೇರೆ ಭಿನ್ನರಾಶಿಗಳ ಮೊತ್ತವಾಗಿ ಬರೆಯುವುದು ಹೇಗೆ ಎಂಬುದಕ್ಕೆ ಅವರು ನಿಯಮಗಳನ್ನೇ ಕೊಟ್ಟಿದ್ದಾರೆ. ಈ ಗತಿಯಲ್ಲಿ ಹೋದರೆ ನಿಮ್ಮ ಸಿಕ್ಸ್ತ್ ಬ್ಯಾಚಿನ ಎಂಟ್ರೆನ್ಸ್‌ಗೂ ಅವರು ಪಾಸಾಗುತ್ತಿರಲಿಲ್ಲ.

ನಿಮ್ಮ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಆತ್ಮವಿಶ್ವಾಸ. ಆರು ವರ್ಷ ಮುಂದಿನ ಪರೀಕ್ಷೆಗೆ ಈಗಲೇ ತಯಾರಿ! ಹಿಂದಿನ ಆರು ವರ್ಷದ ಕಥೆ ಸ್ವಲ್ಪ ನೋಡಿ. 2018ರಲ್ಲಿ ಆರನೇ ಕ್ಲಾಸಿನಲ್ಲಿದ್ದ ಮಗು ಎಂದಿಟ್ಟುಕೊಳ್ಳಿ. 2019ರಲ್ಲಿ ಜೆಇಇ ಮೇನ್ ಎನ್‌ಟಿಎ ಎಂಬ ಕೇಂದ್ರ ಪರೀಕ್ಷಾ ಸಂಸ್ಥೆಯ ಕೈಗೆ ಹೋಯಿತು, ವರ್ಷಕ್ಕೆ ಎರಡು ಸಲ ಆಯಿತು. 2020ರಲ್ಲಿ ಆಯ್ಕೆ ಇಲ್ಲದೆ ಸಂಖ್ಯೆಯನ್ನೇ ಬರೆಯುವ ಪ್ರಶ್ನೆಗಳು ಬಂದವು. 2021ರಲ್ಲಿ ನಾಲ್ಕು ಸಲ ನಡೆಯಿತು, ಪ್ರಶ್ನೆಗಳು 90 ಆದವು, ಅದರಲ್ಲಿ 75 ಬರೆದರೆ ಸಾಕೆಂಬ ರಿಯಾಯಿತಿ ಬಂತು. ಮತ್ತೆ ಎರಡು ಸಲಕ್ಕೆ ಇಳಿಯಿತು. 2024ಕ್ಕೆ ಪಠ್ಯ ಕತ್ತರಿಸಿದರು; ಗಣಿತೀಯ ಅನುಗಮನ, ಗಣಿತೀಯ ತರ್ಕ ಎರಡು ಪಾಠಗಳೇ ಮಾಯ. 2025ಕ್ಕೆ ರಿಯಾಯಿತಿಯೂ ಹೋಯಿತು. ಪಾಪ ಆ ಮಗು ಏಳನೇ ಕ್ಲಾಸಿನಲ್ಲೇ ಅನುಗಮನ ಕಲಿತಿದ್ದರೆ ಅದನ್ನು ಯಾರಿಗೆ ತೋರಿಸಬೇಕು? ಇಷ್ಟೆಲ್ಲ ಬದಲಾದರೂ ಭಿನ್ನರಾಶಿಯನ್ನು ಯಾರೂ ಸಿಲಬಸ್‌ನಿಂದ ತೆಗೆದಿಲ್ಲ.

ಕೆಸಿಇಟಿ ಕಥೆ ಇನ್ನೂ ಚೆನ್ನ. 2024ರ ಏಪ್ರಿಲ್‌ನಲ್ಲಿ ನಮ್ಮ ಪರೀಕ್ಷಾ ಪ್ರಾಧಿಕಾರ ನಿಮ್ಮ ಮಾತನ್ನು ಅಕ್ಷರಶಃ ಪಾಲಿಸಿ ಪಠ್ಯದ ಆಚೆಗೇ ಕೈ ಚಾಚಿತು. ಕೈಬಿಟ್ಟ ಪಾಠಗಳಿಂದ ಪ್ರಶ್ನೆಗಳು ಬಂದವು. ಊರೆಲ್ಲ ಗಲಾಟೆ. ತಜ್ಞರ ಸಮಿತಿ ಕೂತು ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು. ಗಣಿತದಲ್ಲೇ 15 ಹೋದವು. ಪಠ್ಯ ಮೀರಿ ಓದಿದವರ ಬಾಳಿನಲ್ಲಿ ಕಡೆಗೂ ಒಂದು ಒಳ್ಳೆಯ ದಿನ ಬಂತು ಅಂದುಕೊಳ್ಳುವಷ್ಟರಲ್ಲಿ ಸರ್ಕಾರ ಅದನ್ನೂ ಕಿತ್ತುಕೊಂಡಿತು. ಇನ್ನೊಂದು ವಿಷಯ ನೀವು ಫೋನಿನಲ್ಲಿ ಮರೆತಿರಿ: ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯು ಬೋರ್ಡ್ ಪರೀಕ್ಷೆಯ ಅಂಕ ಅರ್ಧ. ಆ ಇನ್ನರ್ಧದ ಬಹುಪಾಲನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ತೋರಿಸಿ ಸಂಪಾದಿಸಬೇಕು. ಟ್ರಿಕ್‌ಗೆ ಅಲ್ಲಿ ಅಂಕವಿಲ್ಲ. ಕ್ಯಾಲ್ಕುಲಸ್ ಅನ್ನು ಎಷ್ಟನೇ ವಯಸ್ಸಿನಲ್ಲಿ ಕಲಿತಿರಿ ಎಂದು ಕೇಳುವ ಕಾಲಂ ಪ್ರಾಧಿಕಾರದ ಅರ್ಜಿಯಲ್ಲಿ ಇಲ್ಲ.

ಅಂಥ ಕಾಲಂ ಇರುವ ದೇಶವೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಇರುವ ನನ್ನ ತಂಗಿಯ ಮಗ ಫೋನ್ ಮಾಡಿದಾಗೆಲ್ಲ ಇದೇ ಮಾತು. ಸ್ಯಾನ್ ಫ್ರಾನ್ಸಿಸ್ಕೊ ಶಾಲೆಗಳು 2014ರಲ್ಲಿ ಬೀಜಗಣಿತದ ಕೋರ್ಸನ್ನು ಎಂಟರಿಂದ ಒಂಬತ್ತಕ್ಕೆ ತಳ್ಳಿದವು, ಪೋಷಕರು ಹತ್ತು ವರ್ಷ ಜಗಳವಾಡಿದರು, 2024ರ ಮಾರ್ಚ್‌ನಲ್ಲಿ ಮತದಾರರು ಅದನ್ನು ಎಂಟಕ್ಕೇ ವಾಪಸ್ ತನ್ನಿ ಎಂದು ಭಾರಿ ಬಹುಮತದಿಂದ ಹೇಳಿದರು. ಬೀಜಗಣಿತಕ್ಕಾಗಿ ಓಟು ಹಾಕುವ ಊರು ನೋಡಿ! ಆದರೆ ಅಲ್ಲಿಯ ಪ್ರವೇಶ ಪರೀಕ್ಷೆ ಎಸ್‌ಎಟಿಯಲ್ಲಿ ಕ್ಯಾಲ್ಕುಲಸ್ ಇಲ್ಲವೇ ಇಲ್ಲ. ಅವರ ಓಟ ಪರೀಕ್ಷೆಗಲ್ಲ, ದೊಡ್ಡ ವಿಶ್ವವಿದ್ಯಾಲಯಗಳು ಹೈಸ್ಕೂಲಿನ ಅಂಕಪಟ್ಟಿಯಲ್ಲಿ ಕ್ಯಾಲ್ಕುಲಸ್ ಇದೆಯೇ ಎಂದು ನೋಡುತ್ತವಲ್ಲ, ಅದಕ್ಕೆ. ತಪ್ಪೋ ಸರಿಯೋ, ಅವರಿಗೊಂದು ಕಾರಣವಾದರೂ ಇದೆ. ನಮಗೆ ಅದೂ ಇಲ್ಲದೆ ಓಡಿಸುವ ಶಕ್ತಿ ನಿಮ್ಮದು.

ನಿಮ್ಮ ಹೋರ್ಡಿಂಗ್ ಬಗ್ಗೆಯೂ ಎರಡು ಮಾತು. 99 ಪರ್ಸೆಂಟೈಲ್ ಎಂದು ಹಾಕಿದ್ದೀರಿ. ಬೀದಿಯಲ್ಲಿ ಹೋಗುವವರು ನೂರಕ್ಕೆ 99 ಅಂಕ ಎಂದುಕೊಳ್ಳುತ್ತಾರೆ, ನೀವು ಅವರನ್ನು ತಿದ್ದಿ ನೋಯಿಸುವುದಿಲ್ಲ. ಜೆಇಇ ಮೇನ್ ಬರೆಯುವವರು 14 ಲಕ್ಷಕ್ಕೂ ಹೆಚ್ಚು. 99 ಪರ್ಸೆಂಟೈಲ್ ಎಂದರೆ ಮುಂದೆ ಇನ್ನೂ 14 ಸಾವಿರ ಜನ ನಿಂತಿದ್ದಾರೆ ಎಂದರ್ಥ. ಮೇನ್‌ನ ಮೊದಲ ಎರಡೂವರೆ ಲಕ್ಷ ಜನ ಮಾತ್ರ ಐಐಟಿಯ ಎರಡನೇ ಮೆಟ್ಟಿಲು ಜೆಇಇ ಅಡ್ವಾನ್ಸ್ಡ್ ಬರೆಯಬಹುದು. ಎಲ್ಲ ಐಐಟಿ ಸೇರಿ ಸೀಟು ಸುಮಾರು 18 ಸಾವಿರ. ಈ 14 ಲಕ್ಷ ಮಕ್ಕಳೂ ಆರರ ಬದಲು ಮೂರನೇ ಕ್ಲಾಸಿನಿಂದ ನಿಮ್ಮಲ್ಲಿ ಓದಿದರೂ ಸೀಟು ಅಷ್ಟೇ ಇರುತ್ತದೆ. ಹೆಚ್ಚಾಗುವುದು ನಿಮ್ಮ ಬ್ಯಾಚುಗಳು. ನಿಮ್ಮ ಹೋರ್ಡಿಂಗಿನ ಹುಡುಗ ನಗುತ್ತಿದ್ದಾನೆ, ಅದೇ ಹುಡುಗ ಮುಂದಿನ ಸಿಗ್ನಲ್‌ನಲ್ಲಿ ಇನ್ನೊಂದು ಸಂಸ್ಥೆಯ ಹೋರ್ಡಿಂಗಿನಲ್ಲೂ ನಗುತ್ತಿದ್ದಾನೆ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಫೋಟೋ ಹಾಕುವುದಿದ್ದರೆ ಆಯ್ಕೆಯಾದ ಮೇಲೆ ಅವರ ಒಪ್ಪಿಗೆ ಪಡೆಯಿರಿ, ಅವರು ನಿಮ್ಮಲ್ಲಿ ಓದಿದ ಕೋರ್ಸ್ ಯಾವುದೆಂದು ಸ್ಪಷ್ಟವಾಗಿ ಹೇಳಿ ಎಂದಿತು. ಆ ಹುಡುಗ ನಿಮ್ಮಲ್ಲಿ ಆರನೇ ಕ್ಲಾಸಿನಿಂದ ಓದಿದನೋ, ಕೊನೆಯ ತಿಂಗಳ ಟೆಸ್ಟ್ ಸೀರೀಸ್ ಬರೆದನೋ, ಒಂದು ಸಾಲು ಹಾಕಿಬಿಡಿ. ಹೋರ್ಡಿಂಗ್ ದೊಡ್ಡದಿದೆ, ಜಾಗಕ್ಕೇನೂ ಕೊರತೆಯಿಲ್ಲ.

ವ್ಯಂಗ್ಯ ಬದಿಗಿಟ್ಟು ಒಂದು ವಿಷಯದಲ್ಲಿ ನಿಮ್ಮನ್ನು ಒಪ್ಪುತ್ತೇನೆ, ಒಪ್ಪದಿದ್ದರೆ ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಮರ್ಯಾದೆ ಇಲ್ಲ. ಅವಸರ ಬೇಕಾಗುವ ಜಾಗ ಒಂದಿದೆ. ಜೆಇಇ ಮೇನ್‌ನ ಮೊದಲ ಸುತ್ತು ಜನವರಿಯಲ್ಲಿ. ನಮ್ಮ ಪಿಯು ವಾರ್ಷಿಕ ಪರೀಕ್ಷೆ ಮಾರ್ಚ್‌ನಲ್ಲಿ. ಸಾಮಾನ್ಯ ವೇಳಾಪಟ್ಟಿಯಲ್ಲಿ ಓದುವ ಹುಡುಗನಿಗೆ ಜನವರಿಯಲ್ಲಿ ಅನುಕಲನವೋ, ವೆಕ್ಟರೋ, ಸಂಭವನೀಯತೆಯೋ ಇನ್ನೂ ಅರ್ಧದಲ್ಲಿರುತ್ತದೆ. ಅದು ನಿಜವಾದ ಅನ್ಯಾಯ. ಅವನಿಗೆ ಪೋರ್ಷನ್ ಡಿಸೆಂಬರಿಗೆ ಮುಗಿಯಬೇಕು, ಮುಗಿಸಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಲು ಎರಡು ಮೂರು ವಾರ ಸಿಗಬೇಕು. ಪಿಯು ಪಾಠದ ಜೊತೆಗೇ ಕೋಚಿಂಗನ್ನೂ ಕೊಡುವ ಇಂಟಿಗ್ರೇಟೆಡ್ ಕಾಲೇಜುಗಳು ಇದನ್ನು ಮಾಡುತ್ತವೆ, ಅದರ ಫಲವೂ ಕಾಣುತ್ತದೆ. ಅಡ್ವಾನ್ಸ್ಡ್ ಬರೆಯುವ ಆಸೆ ಇದ್ದವನಿಗಂತೂ ಪಿಯು ಎರಡು ವರ್ಷ ಬಿಗಿ. ಆದರೆ ಈ ಅವಸರ ತಿಂಗಳುಗಳ ಲೆಕ್ಕದ್ದು, ಪಿಯು ಒಳಗಿನದು. ಇದಕ್ಕಾಗಿ ಆರನೇ ಕ್ಲಾಸಿನ ಹುಡುಗಿಯ ಸಂಜೆ ಕೇಳುವುದು ನ್ಯಾಯವಲ್ಲ. ಇನ್ನೂ ಒಂದು ಮಾತು. ಸರ್ಕಾರಿ ಪಿಯು ಕಾಲೇಜಿನ ಹುಡುಗ, ಗಣಿತದ ಹುದ್ದೆ ಜೂನ್ ಕಳೆದರೂ ಖಾಲಿ ಇರುವ ಕಾಲೇಜಿನವನು, ಎಸ್‌ಎಸ್‌ಎಲ್‌ಸಿವರೆಗೆ ಕನ್ನಡದಲ್ಲಿ ಓದಿ ವರ್ಗಸಮೀಕರಣ ಚೆನ್ನಾಗಿ ಗೊತ್ತಿದ್ದೂ ಕ್ವಾಡ್ರಾಟಿಕ್ ಎಂದೊಡನೆ ಕಕ್ಕಾಬಿಕ್ಕಿಯಾಗುವವನು, ಅವನಿಗೆ ನಿಮ್ಮ ಈ ವೇಗ ನಿಜಕ್ಕೂ ಬೇಕು. ಅವನ ಅಜ್ಜಿಗೆ ನೀವು ಫೋನ್ ಮಾಡಿದ್ದು ನಾನು ಕೇಳಿಲ್ಲ.

ಹಾಗೆಯೇ, ಲೆಕ್ಕ ಎಂದರೆ ಊಟ ಬಿಟ್ಟು ಕೂರುವ ಮಗು ಇರುತ್ತದೆ, ಲೈಬ್ರರಿಯಲ್ಲಿ ಮುಂದಿನ ಕ್ಲಾಸಿನ ಪುಸ್ತಕ ತಾನೇ ಎಳೆದುಕೊಂಡು ಓದುತ್ತದೆ. ಅದನ್ನು ತಡೆಯುವವಳು ನಾನಲ್ಲ. ಅಂಥ ಮಗುವಿಗೆ ಯಾರೂ ಫೋನ್ ಮಾಡಿ ನೀನು ಲೇಟು ಎಂದು ಹೇಳಬೇಕಾಗಿಲ್ಲ.

ಇಷ್ಟರ ಮೇಲೂ ನಮ್ಮನ್ನು ನಿಮ್ಮ ಕೋರ್ಸಿಗೆ ಸೇರಿಸಲೇಬೇಕೆಂಬ ಪ್ರೀತಿ ನಿಮಗಿದ್ದರೆ, ನನ್ನದೂ ಒಂದು ಸಣ್ಣ ಟೆಸ್ಟ್ ಇದೆ. ನೀವು ಸ್ಕಾಲರ್‌ಶಿಪ್ ಟೆಸ್ಟ್ ಮಾಡುತ್ತೀರಲ್ಲ, ಹಾಗೆ. ನಿಮ್ಮ ಒಂಬತ್ತನೇ ಕ್ಲಾಸಿನ, ಕ್ಯಾಲ್ಕುಲಸ್ ಮುಗಿಸಿದ ಬ್ಯಾಚಿಗೆ ಏಳನೇ ಕ್ಲಾಸಿನ ಒಂದು ಪತ್ರಿಕೆ ಕೊಡೋಣ. ಭಿನ್ನರಾಶಿ, ಋಣಸಂಖ್ಯೆ, ಶೇಕಡ, ಅನುಪಾತ, ಸರಳ ಸಮೀಕರಣ. 60 ಪ್ರಶ್ನೆ, 80 ನಿಮಿಷ, ನಮ್ಮ ಕೆಸಿಇಟಿ ಲೆಕ್ಕದಲ್ಲೇ. ತಪ್ಪಿಗೆ ಒಂದು ಅಂಕ ಕಡಿತ, ಜೆಇಇ ಲೆಕ್ಕದಲ್ಲಿ. ಪ್ರಶ್ನೆ ನಾನೇ ತೆಗೆಯುತ್ತೇನೆ, ಫೀಸು ಬೇಡ. ಆಯ್ಕೆಗಳನ್ನು ಮಾತ್ರ ಎಂಟ್ರೆನ್ಸ್ ನಡೆಸುವವರಷ್ಟೇ ದುಷ್ಟತನದಿಂದ ಕೊಡುತ್ತೇನೆ. ಬಂದ ಅಂಕಗಳನ್ನು ಹೋರ್ಡಿಂಗಿನಲ್ಲಿ ಹಾಕಿ. ಸರಾಸರಿ ಚೆನ್ನಾಗಿ ಬಂದರೆ ಹುಡುಗಿಯನ್ನು ನಾನೇ ಕೈಹಿಡಿದು ಕರೆತಂದು ಕೂರಿಸುತ್ತೇನೆ.

ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತದ ಮಿಸ್

ವಿ.ಸೂ.: "ಕೊನೆಯ ಮೂರು ಸೀಟು ಮಾತ್ರ ಉಳಿದಿವೆ" ಎಂಬ ನಿಮ್ಮ ವಾಟ್ಸ್ಆ್ಯಪ್ ಸಂದೇಶ ಈ ಬೆಳಿಗ್ಗೆಯೂ ತಲುಪಿತು. ಬೇಸಿಗೆ ರಜೆಯಲ್ಲಿ ಮೂರು, ಶಾಲೆ ಶುರುವಾದಾಗ ಮೂರು, ದಸರಾಕ್ಕೆ ಮೂರು, ಈಗಲೂ ಮೂರು. ಸ್ಥಿರಾಂಕವನ್ನು ಅವಕಲಿಸಿದರೆ ಎಷ್ಟು ಬರುತ್ತದೆ ಎಂದು ನಿಮ್ಮ ಒಂಬತ್ತನೇ ಕ್ಲಾಸಿನ ಯಾವ ಮಗುವನ್ನಾದರೂ ಕೇಳಿ ನೋಡಿ, ಈ ಲೆಕ್ಕದಲ್ಲಿ ಮಾತ್ರ ಯಾರೂ ಸಿಲ್ಲಿ ಮಿಸ್ಟೇಕ್ ಮಾಡುವುದಿಲ್ಲ.